ಹಳ್ಳಕ್ಕೆ ಪೈಪ್ ಹಾಕಿ ಮೇಲೆ ಸೈಟು ಮಾಡೋಣ ಅಂತಾರೆ, ಒಪ್ಪಬೇಕಾ? (ದಾವಣಗೆರೆ, 10 ಎಕರೆ)

ಎರೆಹೊಲ
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹೊರವಲಯದಲ್ಲಿ, ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ನಮ್ಮ ಅಣ್ಣತಮ್ಮಂದಿರದ್ದೆಲ್ಲ ಸೇರಿ 10 ಎಕರೆ ಇದೆ. ಅರ್ಧ ಎರೆ (ಕಪ್ಪು ಮಣ್ಣು), ಅರ್ಧ ಮಸಾರಿ (ಕೆಂಪು ಮಣ್ಣು). ಇಷ್ಟು ವರ್ಷ ಭತ್ತ ಬೆಳೆಯುತ್ತಿದ್ದೆವು. ಈಗ ಎರಡು ಕಡೆ ಲೇಔಟ್ ಬಂದು ನಮ್ಮದು ನಡುವೆ ಸಿಕ್ಕಿಕೊಂಡಿದೆ. ಹಾಗಾಗಿ ನಾವೂ ಒಬ್ಬ ಡೆವಲಪರ್ ಜೊತೆ ಪಾಲಿನ ಲೆಕ್ಕದಲ್ಲಿ ಲೇಔಟ್ ಮಾಡುವ ಮಾತಾಡುತ್ತಿದ್ದೇವೆ. ಕರಡು ನಕ್ಷೆ ಬಂದಿದೆ. ಸೈಟು, ರಸ್ತೆ, ಪಾರ್ಕು ಎಲ್ಲ ಚೆನ್ನಾಗಿಯೇ ಇದೆ. ತಲೆ ತಿನ್ನುತ್ತಿರುವುದು ಮಳೆ ನೀರು.

ಜಮೀನಿನ ವಾಯವ್ಯ ಮೂಲೆಯಲ್ಲಿ ಒಂದು ಸಣ್ಣ ಹಳ್ಳ ಹಾಯುತ್ತದೆ. ಬೇಸಿಗೆಯಲ್ಲಿ ಒಣಗಿರುತ್ತದೆ, ಒಳಗೆಲ್ಲ ಜಾಲಿ ಬೆಳೆದಿದೆ. ಮೇಲುಗಡೆಯ ಸುಮಾರು 60 ಎಕರೆ ಹೊಲದ ನೀರು ಅದರಲ್ಲೇ ಇಳಿದು ಹೋಗುತ್ತದೆ. ಡೆವಲಪರ್ ಹೇಳುವುದು ಇಷ್ಟು: "ಅದರಲ್ಲಿ ನೀರೇ ಇರಲ್ಲ, 2 ಅಡಿಯ ಕಾಂಕ್ರೀಟ್ ಹ್ಯೂಮ್ ಪೈಪ್ ಹಾಕಿ ಮುಚ್ಚಿಬಿಡೋಣ, ಇನ್ನೂ ನಾಲ್ಕೈದು ಸೈಟು ಬರುತ್ತವೆ." ಒಳಗಿನ ರಸ್ತೆಗಳಿಗೆ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಚರಂಡಿ ತೋರಿಸಿದ್ದಾರೆ. ಎಲ್ಲ ಚರಂಡಿಯೂ ಆ ಮೂಲೆಗೇ ಬಂದು ಸೇರುತ್ತದೆ. ಅಲ್ಲಿಂದ ಮುಂದೆ ನಕ್ಷೆಯಲ್ಲಿ ಒಂದು ಬಾಣದ ಗುರುತು ಅಷ್ಟೇ.

ತಮ್ಮ ಸಹಿ ಹಾಕೋಣ ಅಂತಾನೆ, ನಾನು ತಡೆದಿದ್ದೇನೆ. ಒಪ್ಪಂದಕ್ಕೆ ಮುಂಚೆ ಏನೇನು ಕೇಳಬೇಕು? ತಿಳಿದವರು ಹೇಳಿ.

ಸರ್ವೆನಂಬರ್
ಒಪ್ಪಬೇಡಿ.

ಬೆಣ್ಣೆಖಾಲಿ
ಅಷ್ಟೇನಾ? ಕಾರಣನೂ ಹೇಳ್ರೀ ಸ್ವಲ್ಪ.

ಸರ್ವೆನಂಬರ್
ಹೇಳುತ್ತೇನೆ, ಊಟ ಮುಗಿಸಿ ಬರುತ್ತೇನೆ. ಅಷ್ಟರಲ್ಲಿ ಎರೆಹೊಲ ಅವರು ಒಂದು ಕೆಲಸ ಮಾಡಿ. ಮೊಬೈಲಿನಲ್ಲಿ ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಮೂಲೆಯಲ್ಲಿ ನಿಂತು ನೋಡಿ. ಹಳ್ಳದ ಗೆರೆ ಕಾಣುತ್ತದಾ? ಆಮೇಲೆ ಗ್ರಾಮ ನಕ್ಷೆ, ಟಿಪ್ಪಣಿ (ಸರ್ವೆ ಅಳತೆಯ ನಕಾಶೆ), ಆಕಾರ್‌ಬಂದ್ (ಜಮೀನಿನ ವಿಸ್ತೀರ್ಣದ ದಾಖಲೆ) ಮೂರೂ ತೆಗೆಸಿ. ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು ಗುಂಟೆ, ಅದು "ಎ" ನೋ "ಬಿ" ನೋ ನೋಡಿ.

ಲೆವೆಲ್_ಮಿಷಿನ್
ಸಿವಿಲ್ ಎಂಜಿನಿಯರ್ ನಾನು, ಲೇಔಟ್ ಕೆಲಸವೇ ಜಾಸ್ತಿ ಮಾಡಿದ್ದೇನೆ. ಅಂದಾಜಿನ ಲೆಕ್ಕ ಕೊಡುತ್ತೇನೆ, ಪೂರ್ತಿ ವಿನ್ಯಾಸ ಅಂತ ತಿಳಿಯಬೇಡಿ.

ಸಣ್ಣ ಲೇಔಟ್‌ಗಳಿಗೆ ಎಲ್ಲರೂ ಬಳಸುವುದು ರ‍್ಯಾಷನಲ್ ಮೆಥಡ್. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದು ಹೋಗುತ್ತದೆ, ಗಂಟೆಗೆ ಎಷ್ಟು ಮಿ.ಮೀ. ಮಳೆ, ಎಷ್ಟು ಹೆಕ್ಟೇರ್ ಜಾಗ. ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಇಷ್ಟು ಘನ ಮೀಟರ್ ಅಂತ ಬರುತ್ತದೆ. 10 ಎಕರೆ ಅಂದರೆ 4.05 ಹೆಕ್ಟೇರ್. ಗಂಟೆಗೆ 50 ಮಿ.ಮೀ. ವೇಗದ ಮಳೆ ಅಂತ ಇಟ್ಟುಕೊಳ್ಳಿ.

ಹೊಲವಾಗಿದ್ದಾಗ 100ಕ್ಕೆ 30 ಪಾಲು ಹರಿದರೆ ಸೆಕೆಂಡಿಗೆ ಸುಮಾರು 170 ಲೀಟರ್. ಅದೇ ಜಾಗ ಮನೆ, ಕಾಂಕ್ರೀಟು, ಡಾಂಬರು ಆಗಿ 100ಕ್ಕೆ 70 ಪಾಲು ಹರಿಯತೊಡಗಿದರೆ ಸುಮಾರು 395 ಲೀಟರ್. ಮಳೆ ಅದೇ, ಜಾಗ ಅದೇ, ನೀರು ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ.

ಈಗ ಚರಂಡಿ. ಒಂದೂವರೆ ಅಡಿ ಚೌಕದ ಕಾಂಕ್ರೀಟ್ ಚರಂಡಿ, 500 ಅಡಿಗೆ 1 ಅಡಿ ವಾಟ (ಇಳಿಜಾರು) ಕೊಟ್ಟು, ಅಂಚಿನ ತನಕ ತುಂಬಿ ಹರಿದರೂ ಸೆಕೆಂಡಿಗೆ 170 ಲೀಟರ್ ಆಸುಪಾಸು. ಅಂದರೆ ನಿಮ್ಮ ಡೆವಲಪರ್ ತೋರಿಸಿದ ಚರಂಡಿ ಗದ್ದೆಯ ನೀರಿಗೆ ಸರಿ ಹೋಗುತ್ತದೆ, ಲೇಔಟಿನ ನೀರಿಗಲ್ಲ. ಮೇಲ್ತುದಿಯ ರಸ್ತೆಗಳಿಗೆ ಆ ಅಳತೆ ಸಾಕು. ಎಲ್ಲ ಬಂದು ಕೂಡುವ ಕೊನೆಯ ರಸ್ತೆಗೆ ಸಾಲುವುದೇ ಇಲ್ಲ. ಅಲ್ಲಿ 2 ಅಡಿ ಚೌಕ ಮಾಡಿದರೂ ಇದೇ ವಾಟದಲ್ಲಿ 365ರ ತನಕ ಎಳೆಯುತ್ತದೆ, ಅದೂ ಬಿಗಿಯಾಗಿ ತುಂಬಿ. ಚರಂಡಿಯಲ್ಲಿ ಮೇಲೆ ಅರ್ಧ ಅಡಿಯಾದರೂ ಖಾಲಿ ಬಿಟ್ಟು ಲೆಕ್ಕ ಹಾಕಬೇಕು.

ಹಳ್ಳದ ಪೈಪಿನ ಕಥೆ ಇನ್ನೂ ಚೆನ್ನಾಗಿದೆ. 60 ಎಕರೆಗೆ ಇದೇ ಸೂತ್ರ ಹಾಕಿ, ಸೆಕೆಂಡಿಗೆ ಸುಮಾರು 1,000 ಲೀಟರ್ ಬರುತ್ತದೆ. 2 ಅಡಿ ಹ್ಯೂಮ್ ಪೈಪ್ ಅದೇ ವಾಟದಲ್ಲಿ ಎಳೆಯುವುದು 275. 3 ಅಡಿ ಪೈಪ್ ಹಾಕಿದರೂ 800ರ ಆಸುಪಾಸು. ಮಿಕ್ಕ ನೀರು ಎಲ್ಲಿ ಹೋಗುತ್ತದೆ ಅಂತ ಡೆವಲಪರ್‌ನನ್ನೇ ಕೇಳಿ.

ಬೆಣ್ಣೆಖಾಲಿ
ಮಿಕ್ಕ ನೀರು ಆ ನಾಲ್ಕೈದು ಸೈಟಿಗೇ ಹೋಗುತ್ತದೆ, ಅಲ್ವಾ 😄

ಸೈಟ್‌ವ್ಯಾಪಾರಿ
ಎಲ್ಲರೂ ಡೆವಲಪರ್‌ನನ್ನೇ ಬೈಯುವ ಮುಂಚೆ ಸ್ವಲ್ಪ ಈ ಕಡೆನೂ ಕೇಳಿ. ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವುದು 600, 650 ಮಿ.ಮೀ. ಮಂಗಳೂರಿನಲ್ಲಿ 3,500 ದಾಟುತ್ತದೆ. ಅಲ್ಲಿನ ಲೆಕ್ಕ ತಂದು ಇಲ್ಲಿ ಹಾಕಿದರೆ ಹೇಗೆ? ಪಾರ್ಕಿಗೆ 10 ಪರ್ಸೆಂಟ್, ಸಿಎ (ನಾಗರಿಕ ಸೌಲಭ್ಯದ) ಜಾಗಕ್ಕೆ 5 ಪರ್ಸೆಂಟ್, ರಸ್ತೆಗೆ ಬೇರೆ. ಎಕರೆಯಲ್ಲಿ ಮಾರೋಕೆ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದರಲ್ಲಿ ಹಳ್ಳಕ್ಕೆ ಇಷ್ಟು, ಹೊಂಡಕ್ಕೆ ಇಷ್ಟು ಅಂತ ಬಿಟ್ಟರೆ ಸೈಟಿನ ರೇಟು ಯಾರು ಕೊಡುತ್ತಾರೆ? ನೀವೇ ನಾಳೆ "ಅಡಿಗೆ ಇಷ್ಟೊಂದಾ" ಅಂತ ಕೇಳುತ್ತೀರಿ.

ಲೆವೆಲ್_ಮಿಷಿನ್
@ಸೈಟ್‌ವ್ಯಾಪಾರಿ, ವರ್ಷದ ಮಳೆ ನೋಡಿ ಯಾರೂ ಚರಂಡಿ ಕಟ್ಟುವುದಿಲ್ಲ ಸಾರ್. ಅರ್ಧ ಗಂಟೆಯ ಮಳೆ ನೋಡಿ ಕಟ್ಟುತ್ತಾರೆ. ಮಂಗಳೂರಿನಲ್ಲಿ ತಿಂಗಳಾನುಗಟ್ಟಲೆ ಸುರಿಯುತ್ತದೆ. ನಮ್ಮಲ್ಲಿ ಮೇ ತಿಂಗಳ ಅಡ್ಡ ಮಳೆ ಅಥವಾ ಉತ್ತರೆ, ಚಿತ್ತೆ ಮಳೆ ಸಂಜೆ ಹೊತ್ತು ಬಂದರೆ ಒಂದೇ ಗಂಟೆಯಲ್ಲಿ ಮುಗಿಸಿ ಹೋಗುತ್ತದೆ. ಒಂದು ಇಂಚು ಮಳೆ 10 ಎಕರೆ ಮೇಲೆ ಬಿದ್ದರೆ 10 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 200 ಟ್ಯಾಂಕರ್ ತಂದು ನಿಮ್ಮ ಲೇಔಟಿನಲ್ಲಿ ಒಟ್ಟಿಗೆ ಸುರಿದ ಹಾಗೆ.

ನಿಟುವಳ್ಳಿ_ಅಕ್ಕ
ಈ ಲೆಕ್ಕ ನನಗೆ ಗೊತ್ತಾಗುವುದಿಲ್ಲ. ನಡೆದದ್ದು ಹೇಳುತ್ತೇನೆ. ನಾವು ಮೊದಲು ಒಂದು ಹೊಸ ಲೇಔಟಿನಲ್ಲಿ ಮನೆ ಕಟ್ಟಿಕೊಂಡಿದ್ದೆವು, ಹೆಸರು ಬೇಡ. ಕೊಳ್ಳುವಾಗ ಮೂಲೆ ಸೈಟು, ಪೂರ್ವ ದಿಕ್ಕು ಅಂತ ಕುಣಿದಾಡಿದ್ದೇ ಕುಣಿದಾಡಿದ್ದು. ಅದೇ ಮೂಲೆ ಇಡೀ ಲೇಔಟಿಗೆ ತಗ್ಗು.

ಎರಡು ವರ್ಷ ಏನೂ ಆಗಲಿಲ್ಲ. ಆಗ ಸುತ್ತ ಮನೆಗಳೇ ಇರಲಿಲ್ಲ, ನೀರು ಖಾಲಿ ಸೈಟಿನಲ್ಲೇ ಇಂಗುತ್ತಿತ್ತು. ಮನೆಗಳು ಬಂದ ಮೇಲೆ ಶುರುವಾಯಿತು. ಮೊದಲು ಗೇಟಿನ ಕೆಳಗಿಂದ ಕೆಂಪು ನೀರು ಸಣ್ಣಗೆ ಒಳಗೆ ಬಂತು. ಚಪ್ಪಲಿಗಳು ವರಾಂಡದಲ್ಲಿ ತೇಲಿದವು. ನೋಡನೋಡುತ್ತಲೇ ಬಚ್ಚಲಿನ ಜಾಲರಿಯಿಂದ ಕೊಚ್ಚೆ ಗುಳುಗುಳು ಅಂತ ಮೇಲೆ ಬಂತು. ರಸ್ತೆ ನೀರು ಇಳಿಯಲಿ ಅಂತ ಯಾರೋ ಪುಣ್ಯಾತ್ಮರು ಹಾರೆ ಹಾಕಿ ಯುಜಿಡಿ ಮ್ಯಾನ್‌ಹೋಲ್ ಮುಚ್ಚಳ ಎತ್ತಿದ್ದರು. ಮಳೆ ನೀರೆಲ್ಲ ಒಳಚರಂಡಿಗೆ ನುಗ್ಗಿ, ತಗ್ಗಿನಲ್ಲಿದ್ದ ನಮ್ಮ ಮನೆಯಲ್ಲಿ ಎದ್ದಿತು. ಅಕ್ಕಿ ಮೂಟೆ, ಗ್ರೈಂಡರ್, ಮಗಳ ಪುಸ್ತಕ ಎಲ್ಲ ಹೋಯಿತು. ವಾಸನೆ ತಿಂಗಳಾದರೂ ಹೋಗಲಿಲ್ಲ.

ಚರಂಡಿ ಇರಲಿಲ್ಲವಾ ಅಂದರೆ, ಇತ್ತು. ಪ್ರತಿಯೊಬ್ಬರೂ ಕಾರು ಹತ್ತಿಸೋಕೆ ಅದರ ಮೇಲೆ ರ‍್ಯಾಂಪ್ ಹಾಕಿ, ಕೆಳಗೆ 4 ಇಂಚಿನ ಪೈಪ್ ತುರುಕಿದ್ದರು. ಎರೆಹೊಲ ಅಣ್ಣ, ನಿಮ್ಮ ತಗ್ಗು ಮೂಲೆಯಲ್ಲಿ ಸೈಟು ಮಾಡಿ ಮಾರಬೇಡಿ. ಕೊಂಡವರ ಶಾಪ ತಟ್ಟುತ್ತದೆ.

ಮೇಸ್ತ್ರಿ_ಮಾತು
ಅಕ್ಕ ಹೇಳಿದ್ದು ನೂರಕ್ಕೆ ನೂರು. ರ‍್ಯಾಂಪ್ ವಿಷಯ ಲೇಔಟ್ ಮಾಡುವಾಗಲೇ ಮುಗಿಸಬೇಕು. ಪ್ರತಿ ಸೈಟಿನ ಮುಂದೆ ಒಂದು ಕಡೆ ಭಾರ ತಡೆಯುವ ಸ್ಲ್ಯಾಬ್ ಮೊದಲೇ ಹಾಕಿಕೊಟ್ಟುಬಿಡಿ. ಆಗ ಜನ ಚರಂಡಿಗೆ ಕೈ ಹಾಕುವುದಿಲ್ಲ. ನಡುನಡುವೆ ಎತ್ತಲು ಬರುವ ಸಣ್ಣ ಸ್ಲ್ಯಾಬ್ ಇರಲಿ, ಹೂಳು ತೆಗೆಯೋಕೆ.

ಎರೆ ಮಣ್ಣಿನಲ್ಲಿ ಚರಂಡಿ ಕಟ್ಟುವುದು ಮಸಾರಿಯಲ್ಲಿ ಕಟ್ಟಿದ ಹಾಗಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದ ಕೂಡಲೇ ಉಬ್ಬುತ್ತದೆ. ಅದರ ಮೇಲೆ ನೇರ ಕಾಂಕ್ರೀಟ್ ಸುರಿದರೆ ಎರಡನೇ ವರ್ಷಕ್ಕೆ ಗೋಡೆ ಒಳಗೆ ವಾಲುತ್ತದೆ, ತಳ ಅಲ್ಲಲ್ಲಿ ಎದ್ದು ವಾಟವೇ ಹೋಗುತ್ತದೆ. ಕೆಳಗಿನ ಎರೆ ತೆಗೆದು ಗರಸು ಹಾಕಿ, ನೀರು ಬಿಟ್ಟು ಬಿಗಿಯಾಗಿ ಕುಟ್ಟಬೇಕು. ಗೋಡೆಗೆ ಕಬ್ಬಿಣ ಬೇಕು. ನಡುನಡುವೆ ಜಾಯಿಂಟ್ ಬಿಡಬೇಕು.

ಇನ್ನೊಂದು. ಚರಂಡಿ ಕೆಲಸ ಯಾವತ್ತೂ ನೀರು ಹೊರಬೀಳುವ ಜಾಗದಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಕಟ್ಟಿಕೊಂಡು ಬಂದವರು ಕೊನೆಗೆ ಹಳ್ಳದ ಹತ್ತಿರ ಬಂದು ತಲೆ ಕೆರೆದುಕೊಂಡಿದ್ದು ಬೇಕಾದಷ್ಟು ನೋಡಿದ್ದೇನೆ. ಚರಂಡಿ ತಳ ಹಳ್ಳದ ತಳಕ್ಕಿಂತ ಕೆಳಗೆ! ಆಮೇಲೆ ನೀರಿಗೆ ಏಣಿ ಹಾಕಬೇಕಷ್ಟೇ.

ಲೆವೆಲ್_ಮಿಷಿನ್
ಮೇಸ್ತ್ರಿಯವರ ಮಾತಿಗೆ ಅಂಕಿ ಸೇರಿಸುತ್ತೇನೆ. 10 ಎಕರೆ ಅಂದರೆ ಹೆಚ್ಚೂಕಮ್ಮಿ 200 ಮೀಟರ್ ಚೌಕ. ರಸ್ತೆ ಸುತ್ತಿ ಬರುವಾಗ ಉದ್ದದ ಚರಂಡಿ 300 ಮೀಟರ್ ಆಗುತ್ತದೆ. 500ಕ್ಕೆ 1 ವಾಟ ಅಂದರೆ 60 ಸೆಂ.ಮೀ. ಇಳಿಯಬೇಕು. ಚರಂಡಿಯದೇ ಆಳ 45 ರಿಂದ 60. ನೆಲ ಪೂರ್ತಿ ಸಮತಟ್ಟಾಗಿದ್ದರೆ ಕೊನೆಯಲ್ಲಿ ತಳ ನೆಲದಿಂದ 1 ಮೀಟರಿಗಿಂತ ಕೆಳಗೆ ಬರುತ್ತದೆ. ಎರೆಹೊಲ ಅವರೇ, ಆ ಹಳ್ಳ ಎಷ್ಟು ಆಳ ಇದೆ?

ಎರೆಹೊಲ
ಕಣ್ಣಂದಾಜಿನಲ್ಲಿ 4 ಅಡಿ. ಆದರೆ ಹೂಳು ತುಂಬಿದೆ. ನೆಲ ಸಮತಟ್ಟಲ್ಲ, ಗದ್ದೆಗಳು ಮೆಟ್ಟಿಲಿನ ಹಾಗೆ ಆ ಮೂಲೆಗೇ ಇಳಿಯುತ್ತವೆ.

ಲೆವೆಲ್_ಮಿಷಿನ್
ಹಾಗಾದರೆ ಪುಣ್ಯ. ವಾಟ ನೆಲದಲ್ಲೇ ಇದೆ. ಆದರೆ ಜೆಸಿಬಿ ಬಂದು "ಲೆವೆಲ್ ಮಾಡೋಣ" ಅಂತ ಎಲ್ಲ ಸಪಾಟು ಮಾಡಿದರೆ ಅದೂ ಹೋಗುತ್ತದೆ. ಮಣ್ಣಿಗೆ ಕೈ ಹಾಕುವ ಮುಂಚೆ ಕಂಟೂರ್ ಸರ್ವೆ (ನೆಲದ ಏರು ತಗ್ಗಿನ ಅಳತೆ) ಮಾಡಿಸಿ. ಅರ್ಧ ಮೀಟರ್ ಅಂತರದ ಗೆರೆಗಳಾದರೂ ಇರಲಿ.

ಸರ್ವೆನಂಬರ್
ಊಟ ಆಯಿತು. ಈಗ ಕಾರಣ.

ಕರ್ನಾಟಕ ಭೂಕಂದಾಯ ಕಾಯ್ದೆ 1964, ಕಲಂ 67. ನದಿ, ಹಳ್ಳ, ನಾಲಾ, ಕೆರೆಗಳ ಪಾತ್ರ, ಯಾರ ಸ್ವತ್ತೂ ಅಲ್ಲದಿದ್ದರೆ, ಸರ್ಕಾರದ್ದು. ಗ್ರಾಮ ನಕ್ಷೆಯಲ್ಲಿ ಹಳ್ಳ ಅಂತ ಗೆರೆ ಇದ್ದು, ಅದು "ಬಿ" ಖರಾಬು ಆಗಿದ್ದರೆ ಆ ಜಾಗ ನಿಮ್ಮದೂ ಅಲ್ಲ, ಡೆವಲಪರ್‌ದೂ ಅಲ್ಲ. ನಿಮ್ಮದಲ್ಲದ ನೆಲದ ಮೇಲೆ ಸೈಟು ಮಾಡಿ ಮಾರಿದರೆ ಕೊಂಡವನ ಮನೆ ಮುಂದೆ ಒಂದು ದಿನ ಜೆಸಿಬಿ ನಿಲ್ಲುತ್ತದೆ. ಕ್ರಯಪತ್ರದಲ್ಲಿ ಸಹಿ ಇರುವುದು ನಿಮ್ಮದು, ಮರೆಯಬೇಡಿ.

ಎರಡನೆಯದು, ಮೇಲಿನ ಜಮೀನಿನ ನೀರು ತಾನಾಗಿ ಇಳಿದು ಬರುವುದನ್ನು ಕೆಳಗಿನವರು ಅಡ್ಡಗಟ್ಟುವ ಹಾಗಿಲ್ಲ. 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಇದೆ. ಪೈಪ್ ಕಟ್ಟಿಕೊಂಡು ಮೇಲಿನ ಹೊಲದಲ್ಲಿ ನೀರು ನಿಂತರೆ ರೈತರು ನಿಮ್ಮ ಮೇಲೆ ಬರುತ್ತಾರೆ.

ಬೆಣ್ಣೆಖಾಲಿ
ಪಕ್ಕದಲ್ಲೇ ಭದ್ರಾ ನಾಲೆ ಇದೆಯಲ್ಲ, ಅದಕ್ಕೇ ಬಿಟ್ಟರೆ ಆಗಲ್ವಾ? ಸುಲಭ.

ಸರ್ವೆನಂಬರ್
ನೀರಾವರಿ ನಾಲೆಗೆ ಚರಂಡಿ ಬಿಡುವಂತಿಲ್ಲ ಮಾರಾಯರೇ. ಬಿಟ್ಟರೆ 1965ರ ನೀರಾವರಿ ಕಾಯ್ದೆ ಹಿಡಿದುಕೊಂಡು ಬರುತ್ತಾರೆ. ಅದಿರಲಿ, ನಾಲೆ ಸಾಮಾನ್ಯವಾಗಿ ದಿಣ್ಣೆ ಮೇಲೆ ಹೋಗುತ್ತದೆ. ತಗ್ಗಿನ ನೀರು ದಿಣ್ಣೆ ಹತ್ತುತ್ತದಾ?

ದುರ್ಗದ_ಕಲ್ಲು
ಚಿತ್ರದುರ್ಗದಿಂದ ನಾನು. ನಮ್ಮ ಕೋಟೆ ನೋಡಿದವರು ಬರೀ ಒನಕೆ ಓಬವ್ವನ ಕಿಂಡಿ ನೋಡಿ ಬರುತ್ತಾರೆ. ನೀರಿನ ದಾರಿ ನೋಡಬೇಕು. ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ಸಂತೆ ಹೊಂಡಕ್ಕೆ. ಪಂಪು ಇಲ್ಲ, ಏನಿಲ್ಲ. ಒಂದು ತುಂಬಿದರೆ ಮುಂದಿನದಕ್ಕೆ ದಾರಿ ಮೊದಲೇ ಮಾಡಿಟ್ಟಿದ್ದಾರೆ. ಲೇಔಟಿನಲ್ಲೂ ಮಾಡಬೇಕಾದ್ದು ಅದೇ ಅಲ್ವಾ? ಮಳೆ ಕಮ್ಮಿ ಊರಿನವರಿಗೇ ನೀರಿನ ಬೆಲೆ ಗೊತ್ತು.

"ಹಳ್ಳದಲ್ಲಿ ನೀರೇ ಇಲ್ಲ" ಅನ್ನುವವರಿಗೆ ಇನ್ನೊಂದು. ನಮ್ಮ ಜಿಲ್ಲೆಯ ವಾಣಿ ವಿಲಾಸ ಸಾಗರ ಅಣೆಕಟ್ಟು ಕಟ್ಟಿ ಮುಗಿದಿದ್ದು 1907. ಕೋಡಿ ಬಿದ್ದಿದ್ದು 1933ರಲ್ಲಿ. ಆಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. 89 ವರ್ಷ ಕೋಡಿ ಒಣಗಿತ್ತು ಅಂತ ಯಾರಾದರೂ ಅಲ್ಲಿ ಸೈಟು ಹಂಚಿದ್ದರೆ ಏನಾಗುತ್ತಿತ್ತು?

ಹರಿಹರ_ಹೊಳೆದಂಡೆ
2022ರಲ್ಲಿ ಬರೀ ವೇದಾವತಿ ನೀರಲ್ಲ, ಭದ್ರಾದಿಂದ ಎತ್ತಿ ಬಿಟ್ಟ ನೀರೂ ಸೇರಿತ್ತು. ಅದನ್ನೂ ಹೇಳಿ.

ದುರ್ಗದ_ಕಲ್ಲು
ಸೇರಿತ್ತು, ಇಲ್ಲ ಅನ್ನಲ್ಲ. ಆ ವರ್ಷದ ಮಳೆಯೂ ಹಾಗೇ ಇತ್ತು. ಕೋಡಿಗೆ ನೀರು ಯಾವ ಊರಿನದು ಅಂತ ಗೊತ್ತಾಗುತ್ತದಾ?

ಬೆಣ್ಣೆಖಾಲಿ
1997ರಲ್ಲಿ ಜಿಲ್ಲೆ ಬೇರೆ ಮಾಡಿಕೊಂಡು ಬಂದರೂ ದುರ್ಗದವರು ನಮಗೆ ಬುದ್ಧಿ ಹೇಳುವುದು ಬಿಡಲಿಲ್ಲ ನೋಡಿ 😄

ದುರ್ಗದ_ಕಲ್ಲು
ಬೆಣ್ಣೆ ದೋಸೆ ಕೊಡಿಸಿದರೆ ಬಿಡುತ್ತೇವೆ.

ಕಾಲೇಜ್_ಮೇಷ್ಟ್ರು
@ಲೆವೆಲ್_ಮಿಷಿನ್, ಲೆಕ್ಕದಲ್ಲಿ ಎರಡು ತಕರಾರು. 60 ಎಕರೆಗೂ 10 ಎಕರೆಗೂ ಒಂದೇ 50 ಮಿ.ಮೀ. ಹಾಕಿದ್ದೀರಿ. 60 ಎಕರೆಯ ಮೇಲ್ತುದಿಯ ನೀರು ಈ ಮೂಲೆಗೆ ಬಂದು ಮುಟ್ಟಲು ಹೊತ್ತು ಬೇಕು. ಹೊತ್ತು ಜಾಸ್ತಿಯಾದಷ್ಟೂ ಮಳೆಯ ಸರಾಸರಿ ತೀವ್ರತೆ ಕಮ್ಮಿ ಹಿಡಿಯಬೇಕು. ಹಾಗಾಗಿ 1,000 ಲೀಟರ್ ಸ್ವಲ್ಪ ಜಾಸ್ತಿಯಾಯಿತು. ಇನ್ನೊಂದು, ಎರೆ ಮಣ್ಣು ಪೂರ್ತಿ ನೆನೆದ ಮೇಲೆ ನೀರು ಇಂಗುವುದೇ ಇಲ್ಲ. ಆಗ 100ಕ್ಕೆ 30 ಅಲ್ಲ, 50ಕ್ಕಿಂತ ಜಾಸ್ತಿ ಹರಿಯುತ್ತದೆ. ಹೊಲಕ್ಕೂ ಲೇಔಟಿಗೂ ನೀವು ತೋರಿಸಿದಷ್ಟು ಅಂತರ ಇರುವುದಿಲ್ಲ.

ಲೆವೆಲ್_ಮಿಷಿನ್
ಮೊದಲ ತಕರಾರು ಕಮ್ಮಿ ಮಾಡುತ್ತದೆ, ಎರಡನೆಯದು ಜಾಸ್ತಿ ಮಾಡುತ್ತದೆ ಮೇಷ್ಟ್ರೇ. ಹಳ್ಳದ ಮಟ್ಟಿಗೆ ಎರಡೂ ಸೇರಿ ನನ್ನ ಅಂಕಿಯ ಹತ್ತಿರವೇ ಬಂದು ನಿಲ್ಲುತ್ತದೆ. ಅಂದಾಜು ಅಂತ ಮೊದಲೇ ಹೇಳಿದ್ದೆ. 2 ಅಡಿ ಪೈಪ್ ಅಂತೂ ಯಾವ ಲೆಕ್ಕದಲ್ಲೂ ಪಾಸಾಗುವುದಿಲ್ಲ.

ಕಾಲೇಜ್_ಮೇಷ್ಟ್ರು
ಪೈಪಿನ ವಿಷಯದಲ್ಲಿ ನಿಮ್ಮ ಜೊತೆಗೇ ಇದ್ದೇನೆ. ಆದರೆ ಗದ್ದೆ ಅಂದಾಗ ಎಲ್ಲರೂ ಒಂದು ವಿಷಯ ಬಿಡುತ್ತಾರೆ. ಗದ್ದೆಗೆ ಬದು ಇರುತ್ತದೆ. ಬದುವಿನೊಳಗೆ 10 ಸೆಂ.ಮೀ. ನೀರು ನಿಂತರೂ 10 ಎಕರೆಯಲ್ಲಿ 40 ಲಕ್ಷ ಲೀಟರ್. ಇಷ್ಟು ವರ್ಷ ಆ ನೀರು ಅಲ್ಲೇ ನಿಂತು ನಿಧಾನವಾಗಿ ಇಳಿಯುತ್ತಿತ್ತು. ಲೇಔಟ್ ಮಾಡುವಾಗ ಮೊದಲು ಹೋಗುವುದೇ ಬದು. ಇಂಗುವುದು ಬಿಡುವುದು ಆಮೇಲಿನ ಮಾತು. ಕೆಳಗಿನವರಿಗೆ ನೀರು ಬೇಗ ಬಂದು ಬೀಳುವುದು ಇದರಿಂದಲೇ.

ಬೆಳೆ ಇದ್ದಾಗ ಗದ್ದೆಯಲ್ಲಿ ಮೊದಲೇ ನೀರು ನಿಂತಿರುತ್ತದೆ, ಹಾಗಾಗಿ ಪೂರ್ತಿ 40 ಲಕ್ಷ ಯಾವಾಗಲೂ ಸಿಗುವುದಿಲ್ಲ. ಆದರೂ ಬದುವಿಗೆ ಬದಲಾಗಿ ಏನಾದರೂ ಬೇಕು.

ಹರಿಹರ_ಹೊಳೆದಂಡೆ
ಇಂಗುಗುಂಡಿ ಮಾಡಿದರೆ ಆಯಿತಲ್ಲ. ಪ್ರತಿ ಸೈಟಿಗೂ ಒಂದು. ಮಳೆಕೊಯ್ಲು ಮಾಡಿ ಅಂತ ಎಲ್ಲ ಕಡೆ ಹೇಳುತ್ತಾರೆ.

ಮೇಸ್ತ್ರಿ_ಮಾತು
ಎರೆಯಲ್ಲಿ ಇಂಗುಗುಂಡಿ ತೆಗೆದರೆ ಸೊಳ್ಳೆ ಸಾಕಿದ ಹಾಗೆ. ನೀರು ಇಳಿಯುವುದೇ ಇಲ್ಲ. ಎರೆ ದಾಟಿ ಕೆಳಗಿನ ಗರಸು ಸಿಗುವ ತನಕ ಹೋಗಬೇಕು. ಮಸಾರಿ ಇರುವ ಅರ್ಧದಲ್ಲಿ ಮಾಡಿ, ಅಲ್ಲಿ ಚೆನ್ನಾಗಿ ಕುಡಿಯುತ್ತದೆ.

ಎರೆಹೊಲ
ಇನ್ನೊಂದು ತೊಂದರೆ ಇದೆ. ನಾಲೆಗೆ ನೀರು ಬಿಟ್ಟಾಗ ನಮ್ಮ ಕಡೆ ಬಸಿ ನೀರು ಜಾಸ್ತಿ. ಎರಡು ಮೂರು ಅಡಿ ತೆಗೆದರೆ ಸಾಕು, ಗುಂಡಿಯಲ್ಲಿ ನೀರು ತಾನೇ ಏಳುತ್ತದೆ. ಅದಕ್ಕೇ ಒಂದು ಬಸಿಗಾಲುವೆ ಇದೆ. ನಕ್ಷೆಯಲ್ಲಿ ಅದನ್ನೂ ಅಳಿಸಿ 30 ಅಡಿ ರಸ್ತೆ ಮಾಡಿದ್ದಾರೆ.

ಲೆವೆಲ್_ಮಿಷಿನ್
ಇದನ್ನು ಮೊದಲೇ ಹೇಳಬೇಕಿತ್ತು. ಕೆಳಗಿನಿಂದ ನೀರು ಏಳುವ ಜಾಗದಲ್ಲಿ ಇಂಗುಗುಂಡಿ ಬರೀ ತೋರಿಕೆ. ಬಸಿಗಾಲುವೆ ಮುಚ್ಚಿದರೆ ನೀರು ರಸ್ತೆಯ ತಳಕ್ಕೆ ನುಗ್ಗುತ್ತದೆ, ಡಾಂಬರು ಒಂದು ವರ್ಷ ಬಾಳುವುದಿಲ್ಲ. ಮನೆಗಳ ಸಂಪಿಗೂ ಬಸಿಯುತ್ತದೆ. ರಸ್ತೆ ಪಕ್ಕಕ್ಕೆ ಸರಿಸಿ, ಬಸಿಗಾಲುವೆಯನ್ನು ಹಾಗೇ ಉಳಿಸಿ ಹಳ್ಳಕ್ಕೆ ಸೇರಿಸಿ. ಚರಂಡಿಯ ಗೋಡೆಗೆ ಬಸಿ ನೀರು ಒಳಬರುವ ತೂತುಗಳೂ ಇರಲಿ.

ಇಂಗುಗುಂಡಿಗೆ ಬದಲು ಪಾರ್ಕನ್ನು ತಗ್ಗಿಸಿ. ಲೆಕ್ಕ ನೋಡಿ. ಲೇಔಟ್ ಆದ ಮೇಲೆ ಸೆಕೆಂಡಿಗೆ 225 ಲೀಟರ್ ಜಾಸ್ತಿ ಅಂತ ಇಟ್ಟುಕೊಳ್ಳಿ. ಜೋರು ಮಳೆ ಅರ್ಧ ಗಂಟೆ ಬಂದರೆ ಸುಮಾರು 4 ಲಕ್ಷ ಲೀಟರ್ ಹಿಡಿದಿಡಬೇಕು. ನಿಮ್ಮ ಪಾರ್ಕು 10 ಪರ್ಸೆಂಟ್, ಅಂದರೆ 1 ಎಕರೆ. ಅದರ ಮೂರನೇ ಒಂದು ಭಾಗವನ್ನು 1 ಅಡಿ ತಗ್ಗಿಸಿದರೆ 4 ಲಕ್ಷ ಲೀಟರ್ ನಿಲ್ಲುತ್ತದೆ. ಆಳದ ಹೊಂಡ ಬೇಡ, ಬೇಲಿ ಬೇಡ. ಹೊರಗೆ ಹೋಗುವ ದಾರಿ ಮಾತ್ರ ಸಣ್ಣದಿರಲಿ, ನೀರು ನಿಧಾನವಾಗಿ ಹಳ್ಳಕ್ಕೆ ಇಳಿಯಲಿ. ಮಿಕ್ಕ ದಿನ ಹುಡುಗರು ಕ್ರಿಕೆಟ್ ಆಡಲಿ.

ನಿಟುವಳ್ಳಿ_ಅಕ್ಕ
ಪಾರ್ಕಿನಲ್ಲಿ ನೀರು ನಿಲ್ಲಿಸಿದರೆ ಡೆಂಗಿ ಬರಲ್ವಾ?

ಲೆವೆಲ್_ಮಿಷಿನ್
ಸೊಳ್ಳೆ ಮೊಟ್ಟೆ ಇಟ್ಟು ಹಾರುವ ಸೊಳ್ಳೆಯಾಗೋಕೆ ಒಂದು ವಾರದಷ್ಟು ಬೇಕು ಅಕ್ಕ. ಒಂದು ದಿನದೊಳಗೆ ಪೂರ್ತಿ ಖಾಲಿಯಾಗುವ ಹಾಗೆ ತಳಕ್ಕೆ ವಾಟ ಕೊಟ್ಟರೆ ತೊಂದರೆ ಇಲ್ಲ. ಗುಳಿ ಬಿದ್ದರೆ ಮಾತ್ರ ತೊಂದರೆ. ಅದನ್ನು ನೋಡಿಕೊಳ್ಳುವವರು ಬೇಕು.

ಸೈಟ್‌ವ್ಯಾಪಾರಿ
ಪಾರ್ಕ್ ಜಾಗ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ಗುಂಡಿ ಮಾಡಿ ಕೊಟ್ಟರೆ ತಗೊಳ್ಳುತ್ತಾರಾ?

ಸರ್ವೆನಂಬರ್
ಒಪ್ಪಿಗೆಗೆ ಹಾಕುವ ನಕ್ಷೆಯಲ್ಲೇ ತೋರಿಸಿ, ಜೊತೆಗೆ ಚರಂಡಿಯ ಲೆಕ್ಕದ ಹಾಳೆ ಇಡಿ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ತಾಂತ್ರಿಕ ವಿಭಾಗ ಸಿಪಿಎಚ್‌ಇಇಒ 2019ರಲ್ಲಿ ಮಳೆ ನೀರು ಚರಂಡಿಗಾಗಿಯೇ ಕೈಪಿಡಿ ತಂದಿದೆ. ರಸ್ತೆ ಚರಂಡಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ ಎಸ್‌ಪಿ 50 ಇದೆ. ಅದರ ಪ್ರಕಾರ ಲೆಕ್ಕ ಮಾಡಿದ್ದೇವೆ ಅಂತ ಎಂಜಿನಿಯರ್ ಸಹಿ ಹಾಕಿ ಕೊಟ್ಟರೆ ಮಾತು ಬೇರೆ. ನಕ್ಷೆ ಪಾಸಾದ ಮೇಲೆ ಜೆಸಿಬಿ ತಂದು ಅಗೆದರೆ ಖಂಡಿತ ತಕರಾರು ಮಾಡುತ್ತಾರೆ.

@ಸೈಟ್‌ವ್ಯಾಪಾರಿ, ರೆರಾನೂ (ರಿಯಲ್ ಎಸ್ಟೇಟ್ ಕಾಯ್ದೆ) ಮರೆಯಬೇಡಿ. 500 ಚದರ ಮೀಟರ್ ದಾಟಿದ ಲೇಔಟಿಗೆ ನೋಂದಣಿ ಬೇಕು. ಕೊಟ್ಟ ಸೌಕರ್ಯದಲ್ಲಿ ದೋಷ ಕಂಡರೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ ನೀವೇ ಸರಿ ಮಾಡಿಕೊಡಬೇಕು. ಚರಂಡಿನೂ ಅದರಲ್ಲಿ ಬರುತ್ತದೆ.

ಸೈಟ್‌ವ್ಯಾಪಾರಿ
ಅದು ಗೊತ್ತು. ನಾನು ಹೇಳುವುದು ಬೇರೆ. ನಾವು 2 ಅಡಿ ಚರಂಡಿ, ತಗ್ಗಿದ ಪಾರ್ಕು, ತೆರೆದ ಹಳ್ಳ ಎಲ್ಲ ಮಾಡುತ್ತೇವೆ. ಕೆಳಗಿನ ಲೇಔಟಿನವನು ಹಳ್ಳ ಮುಚ್ಚಿ ಮನೆ ಕಟ್ಟಿದ್ದಾನೆ. ಆಗ ನಮ್ಮ ನೀರು ಎಲ್ಲಿಗೆ ಹೋಗಬೇಕು? ಒಬ್ಬನೇ ಸರಿ ಮಾಡಿದರೆ ಒಬ್ಬನಿಗೇ ನಷ್ಟ.

ಕಾಲೇಜ್_ಮೇಷ್ಟ್ರು
ಇದು ನ್ಯಾಯವಾದ ಪ್ರಶ್ನೆ. ಇಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಲೇಔಟ್ ಲೇಔಟಿಗೂ ಬೇರೆ ಬೇರೆ ಚರಂಡಿ ನಕ್ಷೆ ಮಾಡಿದರೆ ಹೀಗೇ ಆಗುವುದು. ಹಳ್ಳ ಶುರುವಾಗುವ ಕಡೆಯಿಂದ ಕೆರೆಗೋ ಹೊಳೆಗೋ ಸೇರುವ ತನಕ ಒಂದೇ ನಕ್ಷೆ ಬೇಕು. ಅದು ಪ್ರಾಧಿಕಾರ, ಪಾಲಿಕೆ ಮಾಡಬೇಕಾದ ಕೆಲಸ. ಆದರೆ ಅದು ಆಗುವ ತನಕ ನಾನೂ ಮುಚ್ಚುತ್ತೇನೆ ಅನ್ನುವುದು ಸರಿಯಲ್ಲ. ಸಹಿಗೆ ಮುಂಚೆ ಹಳ್ಳದ ಗುಂಟ ಕೆಳಗಿನ ರಸ್ತೆಯ ಮೋರಿಯ ತನಕ ನಡೆದುಕೊಂಡು ಹೋಗಿ ನೋಡಿ. ಎಲ್ಲಿ ಮುಚ್ಚಿದ್ದಾರೆ, ಎಲ್ಲಿ ಕಿರಿದಾಗಿದೆ, ಮೋರಿಯ ಬಾಯಿ ಎಷ್ಟಿದೆ, ಫೋಟೋ ತೆಗೆದಿಟ್ಟುಕೊಳ್ಳಿ.

ಎರೆಹೊಲ
ಬೆಳಿಗ್ಗೆ ತಮ್ಮನನ್ನೂ ಕರೆದುಕೊಂಡು ಹೋಗಿ ಬಂದೆ. ಕೆಳಗಿನ ಲೇಔಟಿನಲ್ಲಿ ಹಳ್ಳ ಮುಚ್ಚಿಲ್ಲ, ಆದರೆ ಎರಡೂ ಕಡೆ ಕಾಂಪೌಂಡ್ ಒತ್ತಿ ಕಟ್ಟಿದ್ದಾರೆ. ನಮ್ಮಲ್ಲಿ 20 ಅಡಿ ಅಗಲ ಇದ್ದದ್ದು ಅಲ್ಲಿ 8 ಅಡಿ. ರಸ್ತೆ ಮೋರಿಯಲ್ಲಿ ಎರಡು ಪೈಪ್ ಇವೆ. ಒಂದರಲ್ಲಿ ಅರ್ಧಕ್ಕೂ ಜಾಸ್ತಿ ಪ್ಲಾಸ್ಟಿಕ್, ತೆಂಗಿನ ಚಿಪ್ಪು, ಯಾರದ್ದೋ ಹಳೇ ಹಾಸಿಗೆ. ತಮ್ಮ ನೋಡಿ ಸುಮ್ಮನಾದ. ದಿಶಾಂಕ್‌ನಲ್ಲಿ ಹಳ್ಳದ ಗೆರೆ ಇದೆ. ಪಹಣಿಯಲ್ಲಿ "ಬಿ" ಖರಾಬು 6 ಗುಂಟೆ.

ಡೆವಲಪರ್ ಜೊತೆ ಮಾತಾಡಿದೆ. "ಬಿ" ಖರಾಬು ಅಂದ ಕೂಡಲೇ ಸ್ವರ ಬದಲಾಯಿತು. ಹಳ್ಳ ತೆರೆದೇ ಇರಲಿ, ಪಕ್ಕಕ್ಕೆ ಪಾರ್ಕು ತರೋಣ ಅಂತಾರೆ. ಆದರೆ ಕಡಿಮೆಯಾದ ನಾಲ್ಕೈದು ಸೈಟು ನಮ್ಮ ಪಾಲಿನಲ್ಲಿ ಹಿಡಿಯಬೇಕಂತೆ.

ಸರ್ವೆನಂಬರ್
ನಗಬೇಕೋ ಅಳಬೇಕೋ! ಸರ್ಕಾರದ ಜಾಗದಲ್ಲಿ ಮಾಡಬೇಕೆಂದಿದ್ದ ಸೈಟು ಯಾರ ಪಾಲಿನಲ್ಲೂ ಇರಲೇ ಇಲ್ಲ. ಅದನ್ನು ಲೆಕ್ಕಕ್ಕೇ ತಗೊಳ್ಳಬೇಡಿ. ಪಾಲು ಹಂಚುವುದು ಪ್ರಾಧಿಕಾರ ಪಾಸು ಮಾಡಿದ ನಕ್ಷೆಯ ಮೇಲೆ ಅಂತ ಒಪ್ಪಂದದಲ್ಲಿ ಬರೆಸಿ, ಕರಡಿನ ಮೇಲೆ ಅಲ್ಲ.

ಲೆವೆಲ್_ಮಿಷಿನ್
ಚರಂಡಿಯ ಅಳತೆ, ವಾಟ, ಹಳ್ಳಕ್ಕೆ ಸೇರುವ ಜಾಗದ ಲೆವೆಲ್ ಎಲ್ಲ ಒಪ್ಪಂದಕ್ಕೆ ಜೋಡಿಸಿದ ನಕ್ಷೆಯಲ್ಲಿ ಅಂಕಿಯಲ್ಲಿ ಇರಲಿ. "ಸೂಕ್ತ ಚರಂಡಿ ವ್ಯವಸ್ಥೆ" ಅಂತ ಬರೆದರೆ ನಾಳೆ ಕಲ್ಲು ಜೋಡಿಸಿ ಇದೇ ಸೂಕ್ತ ಅಂತಾರೆ. ರಸ್ತೆ ಮಟ್ಟ ಸೈಟಿಗಿಂತ ಕೆಳಗಿರಲಿ. ಚರಂಡಿ ಮೀರುವಂಥ ಮಳೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆಗ ನೀರು ರಸ್ತೆ ಮೇಲೆ ಹರಿದು ಪಾರ್ಕಿಗೆ ಹೋಗಲಿ, ಮನೆಯೊಳಗೆ ಬೇಡ.

ನಿಟುವಳ್ಳಿ_ಅಕ್ಕ
ಆ 8 ಅಡಿ ಮಾಡಿದವರ ಮೇಲೆ ಅರ್ಜಿ ಕೊಡಲ್ವಾ?

ಎರೆಹೊಲ
ಕೊಡಬೇಕು ಅಕ್ಕ. ಮೇಲಿನ ಹೊಲದವರನ್ನೂ ಸೇರಿಸಿ ತಹಶೀಲ್ದಾರರಿಗೆ ಸರ್ವೆ ಮಾಡಿಸಿ ಅಂತ ಕೊಡೋಣ ಅಂದುಕೊಂಡಿದ್ದೇವೆ. ಸೋಮವಾರ ಕಂಟೂರ್ ಸರ್ವೆಯವರು ಬರುತ್ತಾರೆ.

ಮೇಸ್ತ್ರಿ_ಮಾತು
ಸರ್ವೆಯವರು ಹಳ್ಳದ ಲೆವೆಲ್ ಹಿಡಿಯುವಾಗ ಹೂಳಿನ ಮೇಲೆ ಸ್ಟಾಫ್ (ಅಳತೆ ಕೋಲು) ಇಡೋಕೆ ಬಿಡಬೇಡಿ. ಎರಡು ಮೂರು ಕಡೆ ಹಾರೆಯಲ್ಲಿ ತೋಡಿ ಗಟ್ಟಿ ನೆಲ ಸಿಕ್ಕ ಮೇಲೆ ಇಡಿ. ಮೋರಿ ಪೈಪಿನ ತಳದ ಲೆವೆಲ್ಲೂ ತಗೊಳ್ಳಿ. ಹಾಸಿಗೆ ತೆಗೆದು.